ಮೊದಲ ಸಲ ಕಾಲಿಟ್ಟ ಇಗರ್ಜಿ

ನಾನು ಇಗರ್ಜಿಯಿಂದ ಇಗರ್ಜಿಗೆ ತಿರುಗಿದ್ದರ ಬಗ್ಗೆ ನಮ್ಮ ಸೊಸೈಟಿಯಲ್ಲಿ ಬೇಕಾದಷ್ಟು ಮಾತಾಡಿದ್ದಾರೆ. ಮೇಲಿನ ಮಾಳಿಗೆಯ ರಮಿತಾ ಎದುರಿಗೇ ಕೇಳಿದಳು, "ಸ್ವರ್ಣಕ್ಕ, ನೀವು ಜಾತಿಗೀತಿ ಬದಲಾಯಿಸುವ ಅಂದಾಜಿನಲ್ಲಿ ಇದ್ದೀರಾ ಹೇಗೆ?" ಅಂತ. "ಗ್ಯಾಸ್ ಬುಕ್ಕಿನಲ್ಲಿ ಹೆಸರು ಬದಲಾಯಿಸುವುದೇ ಇಷ್ಟು ವರ್ಷಕ್ಕೂ ಆಗಲಿಲ್ಲ ನನ್ನಿಂದ, ಇನ್ನು ಜಾತಿ ಎಲ್ಲಿಂದ ಬದಲಾಯಿಸಲಿ" ಅಂದೆ. ನಮ್ಮ ಊರ ಕಡೆ ಚರ್ಚಿಗೆ ಇಗರ್ಜಿ ಅನ್ನುವುದು. ನಾನು ಕಟಪಾಡಿಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಕೂದಲು ಹಣ್ಣಾದರೂ ಬಾಯಿಗೆ ಬರುವುದು ಇಗರ್ಜಿ ಅಂತಲೇ.

ತಿರುಗಿದ್ದು ಎದುರು ಬಾಗಿಲಿನ ಅಪೋಲಿನ್ ಬಾಯಿಗೋಸ್ಕರ. ನಾನು ಕರೆಯುತ್ತಿದ್ದದ್ದು ಬಾಯಮ್ಮ ಅಂತ. ಮೂಲ ಕಿನ್ನಿಗೋಳಿ, ಆದರೆ ಹುಟ್ಟಿದ್ದು ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ, ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಬೇಲಾಪುರದ ಸರ್ಕಾರಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿ, ಅಲ್ಲಿಯೇ ದೊಡ್ಡ ಕುರ್ಚಿಯಲ್ಲಿ ಕೂತು ರಿಟೈರ್ ಆದವರು. ಮದುವೆ ಆಗಲಿಲ್ಲ. ಯಾಕೆ ಅಂತ ನಾನು ಕೇಳಿದ್ದೆ ಒಮ್ಮೆ. "ನೋಡಲು ಬಂದವರೆಲ್ಲ ನನ್ನ ಕೈಯ ಅಡುಗೆ ತಿಂದು ಓಡಿದರು" ಅಂದರು. ಅದೊಂದು ಮಾತ್ರ ನಿಜವಿದ್ದೀತು. ಅವರ ಸಾರು ಬಾಯಿಗೆ ಇಡುವ ಹಾಗಿರಲಿಲ್ಲ.

ನಾನು ಹೊಸತಾಗಿ ಬಂದಾಗ ನಮ್ಮವರು ಜಯಶೀಲ ಬೆಳಗ್ಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಏಳುವುದು ರಾತ್ರಿ. ನನಗೆ ಹಿಂದಿಯೂ ಇಲ್ಲ, ಮರಾಠಿಯೂ ಇಲ್ಲ. ತರಕಾರಿಯವನು ಏನೋ ಕೇಳಿದರೆ ಅಳು ಬರುತ್ತಿತ್ತು. ಆಗ ಎದುರು ಬಾಗಿಲು ತೆರೆದು ತುಳುವಿನಲ್ಲಿ "ಎಂತ ಆಯಿತು ಮಗಾ" ಅಂತ ಕೇಳಿದವರು ಬಾಯಮ್ಮ. ಲೇಡೀಸ್ ಡಬ್ಬಿಗೆ ಹೇಗೆ ನುಗ್ಗಬೇಕು, ಇಳಿಯುವ ಸ್ಟೇಷನ್ ಯಾವ ಬದಿಗೆ ಬರುತ್ತದೆ, ಯಾರಾದರೂ ತಳ್ಳಿದರೆ ಎಂತ ಬೈಗುಳ ಬೈಯಬೇಕು, ಎಲ್ಲ ಕಲಿಸಿದ್ದು ಅವರು. ಈ ಊರಿನಲ್ಲಿ ನನಗೆ ತಾಯಿಮನೆ ಅಂತ ಇದ್ದದ್ದು ಆ ಬಾಗಿಲು. ಇದಕ್ಕಿಂತ ಹೆಚ್ಚು ನಾನು ಬಿಡಿಸಿ ಹೇಳುವುದಿಲ್ಲ.

ಹೋದ ಬೇಸಗೆಯಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಗ್ಯಾಸ್ ಅಂತ ಓಮದ ನೀರು ಕುಡಿದದ್ದೇ ಕುಡಿದದ್ದು. ನಾನೇ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಮೇದೋಜೀರಕದಲ್ಲಿ ಗಡ್ಡೆ ಅಂದರು. ಆಪರೇಷನ್ ಮಾಡುವ ಕಾಲ ದಾಟಿದೆ, ಮಳೆಗಾಲ ಮುಗಿಯುವವರೆಗೆ ಇದ್ದರೆ ಪುಣ್ಯ ಅಂದರು. ಅಷ್ಟು ಹೇಳುವಾಗ ಆ ಡಾಕ್ಟರು ಒಂದು ಸಲವೂ ನಮ್ಮ ಮುಖ ನೋಡಲಿಲ್ಲ, ಕಂಪ್ಯೂಟರ್ ನೋಡಿಕೊಂಡೇ ಹೇಳಿದ.

ನಾನು ಯಾವ ದೇವರನ್ನೂ ಬಿಡಲಿಲ್ಲ. ಕಟೀಲಿನ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ, ಮನೆಯ ದೈವಕ್ಕೆ ತಂಬಿಲದ ಸೇವೆ ಹೇಳಿಕೊಂಡೆ. ಬಾಯಮ್ಮ ಮಂಚದಲ್ಲಿ ಒರಗಿಕೊಂಡು ನಕ್ಕರು.

"ನಿನ್ನ ದೇವರುಗಳಿಗೆ ನನ್ನ ಗುರುತು ಇಲ್ಲ ಸ್ವರ್ಣಾ. ನನ್ನ ದೇವರ ಹತ್ತಿರ ಕೇಳು."

"ಅದನ್ನು ನೀವೇ ಕೇಳಬಹುದಲ್ಲ. ನಿಮ್ಮದೇ ದೇವರು."

"ನನ್ನದೆಲ್ಲ ಮುಗಿದಿದೆ ಮಾರಾಯ್ತಿ" ಅಂದರು.

ಆಗ ಹೇಳಿದ್ದು ಈ ವಿಷಯ. ಒಂದು ಇಗರ್ಜಿಗೆ ಮೊದಲ ಸಲ ಕಾಲಿಟ್ಟಾಗ ಒಂದು ಬೇಡಿಕೆ ಕೇಳಬಹುದಂತೆ. ಒಂದೇ ಒಂದು. ಒಳಗೆ ಹೋಗಿ ಮೊಣಕಾಲೂರಿ ಮನಸ್ಸಿನಲ್ಲಿ ಕೇಳಬೇಕು. ಎರಡನೇ ಸಲ ಹೋದರೆ ಅದು ಬರೀ ಪ್ರಾರ್ಥನೆ, ಅದಕ್ಕೆ ಆ ಬಲ ಇಲ್ಲ. ಕೇಳಿದ್ದನ್ನು ಯಾರಿಗೂ ಹೇಳಬಾರದು, ಹೇಳಿದರೆ ಕೆಟ್ಟಿತು.

"ಪಾದ್ರಿಗಳು ಒಪ್ಪುತ್ತಾರಾ ಇದನ್ನು?" ಅಂದೆ.

"ಪಾದ್ರಿಗಳಿಗೆ ಎಂತ ಗೊತ್ತು. ಇದು ನಮ್ಮ ಹೆಂಗಸರದ್ದು. ನನ್ನ ಅಜ್ಜಿ ಹೇಳಿದ್ದು."

ಅವರ ಪಾಲಿನ ಬೇಡಿಕೆಗಳು ಎಲ್ಲೆಲ್ಲಿ ಖರ್ಚಾದವು ಅಂತ ಹೇಳಿದರು ನೋಡಿ, ಆ ಹೊಟ್ಟೆನೋವಿನಲ್ಲೂ ಇಬ್ಬರೂ ನಕ್ಕೆವು. ಕಲ್ಯಾಣದ ಇಗರ್ಜಿಗೆ ಮೊದಲು ಹೋದದ್ದು ನಾಮಕರಣಕ್ಕೆ, ಎಳೆಕೂಸು, "ಏನು ಕೇಳಿದ್ದೇನೋ, ಹಾಲು ಕೇಳಿರಬೇಕು." ಠಾಣೆಯಲ್ಲಿ ಕೇಳಿದ್ದು ಲೆಕ್ಕದ ಪೇಪರಿನಲ್ಲಿ ಪಾಸಾಗಲಿ ಅಂತ. ವಾಶಿಯಲ್ಲಿ ಪ್ರಮೋಷನ್. ನೆರೂಲಿನಲ್ಲಿ, ಕಚೇರಿಯ ಸಾಹೇಬನಿಗೆ ವರ್ಗವಾಗಲಿ ಅಂತ. "ವರ್ಗ ಆಯಿತು. ಬಂದವನು ಅವನ ಅಪ್ಪನ ಹಾಗಿದ್ದ." ಮದುವೆ ಊಟಕ್ಕೆ, ಮಣ್ಣಿಗೆ, ಹಬ್ಬಕ್ಕೆ ಅಂತ ಸುತ್ತಿ ಸುತ್ತಿ ಈ ಕಡೆಯ ಒಂದು ಇಗರ್ಜಿಯೂ ಅವರಿಗೆ ಹೊಸತು ಉಳಿದಿರಲಿಲ್ಲ. ದೂರದ ಊರಿಗೆ ಹೋಗುವ ಶಕ್ತಿಯೂ ಇರಲಿಲ್ಲ.

"ನಿನ್ನದಾದರೆ ಇಡೀ ಠಾಣೆ ಜಿಲ್ಲೆಯೇ ಬಾಕಿ ಉಂಟು" ಅಂದರು. ತಮಾಷೆಗೆ ಹೇಳಿದ್ದು. ಆದರೆ ನನ್ನ ತಲೆಗೆ ಅದು ಹೊಕ್ಕಿತು. ಡೊಂಬಿವಲಿಯ ಅವರ ಇಗರ್ಜಿಗೆ ನಾನು ಕ್ರಿಸ್ಮಸ್ಸಿಗೆ ಗೋದಲಿ ನೋಡಲು ಹೋಗಿದ್ದೆ, ಅದೊಂದು ಹೋಯಿತು. ಉಳಿದದ್ದೆಲ್ಲ ನನಗೆ ಹೊಸತು.

ಮೊದಲು ಹೋದದ್ದು ಠಾಣೆಗೆ, ತಲಾವ್ ಪಾಳಿಯ ಹತ್ತಿರದ ಹಳೇ ಇಗರ್ಜಿಗೆ. ನಾನು ದೇವಸ್ಥಾನದ ಅಭ್ಯಾಸದವಳು. ಚಪ್ಪಲಿ ಹೊರಗೆ ಬಿಟ್ಟೆ. ಬಾಗಿಲ ಬಳಿ ಕಲ್ಲಿನ ಬಟ್ಟಲಿನಲ್ಲಿ ನೀರಿತ್ತು. ತೀರ್ಥ ಅಲ್ವಾ, ಬಲಗೈಯಲ್ಲಿ ತೆಗೆದುಕೊಂಡು ಕುಡಿದೆ, ಉಳಿದದ್ದನ್ನು ತಲೆಗೆ ಒರೆಸಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಪ್ರದಕ್ಷಿಣೆ ಬರುವ ಅಂತ ಹೊರಟರೆ ದಾರಿ ಸೀದಾ ಪಾದ್ರಿ ಬಟ್ಟೆ ಬದಲಾಯಿಸುವ ಕೋಣೆಗೆ ಹೋಯಿತು. ಪುಣ್ಯಕ್ಕೆ ಅವರು ಇನ್ನೂ ಶುರು ಮಾಡಿರಲಿಲ್ಲ. ವಾಪಸ್ ಬಂದು ಬೆಂಚಿನ ಹಿಂದೆ ಮೊಣಕಾಲೂರಿದೆ. ಬಾಯಮ್ಮ ಬದುಕಲಿ ಅಂತ ಕೇಳಿದೆ. ಬೇರೆ ಒಂದಕ್ಷರ ಇಲ್ಲ.

ಮನೆಗೆ ಬಂದು, ಕೇಳಿದ್ದೊಂದು ಬಿಟ್ಟು, ಈ ಕಥೆ ಹೇಳಿದೆ. ನೀರು ಕುಡಿದದ್ದು ಕೇಳಿ ಬಾಯಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು, ನೋವಾಯಿತು, ಆದರೂ ನಗು ನಿಲ್ಲಲಿಲ್ಲ. "ಊರಿನವರ ಬೆರಳೆಲ್ಲ ಅದ್ದಿದ ನೀರು ಅದು, ಇನ್ನು ನಿನಗೆ ಯಾವ ರೋಗವೂ ಬರುವುದಿಲ್ಲ ಬಿಡು" ಅಂದರು. ಅವತ್ತು ರಾತ್ರಿ ಎರಡು ನೀರುದೋಸೆ ತಿಂದರು. ಅದಕ್ಕೆ ಮೊದಲು ಗಂಜಿಯ ತಿಳಿ ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಅದು ಸಾಕಾಯಿತು ನನಗೆ. ಮನೆ ಕೆಲಸ ಮುಗಿಸಿ, ಅವರನ್ನು ನೋಡಿಕೊಳ್ಳಲು ಇಟ್ಟಿದ್ದ ಸತ್ಯಮ್ಮನಿಗೆ ಹೇಳಿ, ಹೊರಟುಬಿಡುತ್ತಿದ್ದೆ. ಮಾಜಿವಾಡಕ್ಕೆ ಬಸ್ಸಿನಲ್ಲಿ ಹೋದೆ. ವಾಶಿಗೆ ಹೋದೆ, ನೆರೂಲಿಗೆ ಹೋದೆ, ಬೇಲಾಪುರಕ್ಕೆ ಹೋಗಿ ಬಾಯಮ್ಮನ ಕಚೇರಿಯ ಕಟ್ಟಡವನ್ನೂ ನೋಡಿಕೊಂಡು ಬಂದೆ. ನನಗೆ ಸಂತರ ಹೆಸರು ನೆನಪಿರುವುದಿಲ್ಲ, ಸ್ಟೇಷನ್ನಿನ ಹೆಸರಿನಿಂದಲೇ ಗುರುತು. ಮೊಣಕಾಲಿಗೆ ಮೊದಲೇ ಸಂಧಿವಾತ, ಊರಿದರೆ ಏಳಲು ಬೆಂಚು ಹಿಡಿಯಬೇಕು. ಕಲ್ಯಾಣದಲ್ಲಿ ಮಲಯಾಳಿಗಳ ಇಗರ್ಜಿ ಬೇರೆ ಉಂಟು. ಅದು ಲೆಕ್ಕಕ್ಕೆ ಬರುತ್ತದಾ ಅಂತ ಅನುಮಾನ ಬಂದು ಮೆಟ್ಟಿಲಲ್ಲಿ ನಿಂತು ಫೋನ್ ಮಾಡಿದೆ.

"ಬರುತ್ತದೆ. ದೇವರು ಅದೇ, ಸಾಂಬಾರು ಮಾತ್ರ ಬೇರೆ" ಅಂದರು.

ನಮ್ಮವರಿಗೆ ಸಿಟ್ಟು. "ಸೊಂಟ ಮುರಿದುಕೊಂಡು ಬಿದ್ದರೆ ನಿನ್ನನ್ನು ನೋಡಿಕೊಳ್ಳುವವರು ಯಾರು?" ಅಂದರು. ಬಾಯಮ್ಮ ಇದ್ದಾರಲ್ಲ ಅಂತ ಬಾಯಿಗೆ ಬಂದೇ ಬಿಟ್ಟಿತ್ತು. ಅಷ್ಟು ವರ್ಷದ ಅಭ್ಯಾಸ. ನುಂಗಿಕೊಂಡೆ.

ಮಳೆಗಾಲ ಮುಗಿಯುತ್ತಾ ಬಂತು. ಡಾಕ್ಟರು ಕೊಟ್ಟ ವಾಯಿದೆ ತೀರುತ್ತಾ ಬಂದರೂ ಬಾಯಮ್ಮ ಇದ್ದರು. ಗಡ್ಡೆ ಬೆಳೆದಿಲ್ಲ, ಆಶ್ಚರ್ಯ ಅಂತ ಅದೇ ಡಾಕ್ಟರು ಈ ಸಲ ಮುಖ ನೋಡಿ ಹೇಳಿದ. ಮೊಂತಿ ಫೆಸ್ತಿಗೆ, ಅದು ಅವರ ಹೊಸ ಅಕ್ಕಿಯ ಹಬ್ಬ, ನಾನೇ ತರಕಾರಿ ಅಡುಗೆ ಮಾಡಿದೆ. ಹೊಸ ಭತ್ತದ ಕಾಳು ಹಾಕಿದ ಪಾಯಸವನ್ನು ಬಾಯಮ್ಮ ಎಲ್ಲರಿಗೂ ಚಮಚದಲ್ಲಿ ಹಂಚಿದರು. ನಮ್ಮವರಿಗೂ, ಸತ್ಯಮ್ಮನಿಗೂ. ಅವತ್ತು ನನಗೆ ಎಷ್ಟು ಸೊಕ್ಕು ಅಂತೀರಿ. ನಾನೇ ಗೆದ್ದೆ ಅಂತ. ಯಾರನ್ನು ಗೆದ್ದದ್ದೋ.

ದೀಪಾವಳಿಗೆ ಮುಂಚೆ ಕಾಯಿಲೆ ತಿರುಗಿಬಿದ್ದಿತು. ನೋವು ಬೆನ್ನಿಗೆ ಹತ್ತಿತು. ಬೆನ್ನಿಗೆ ಪಟ್ಟಿ ಅಂಟಿಸಿದರೂ, ನಾಲಿಗೆ ಕೆಳಗೆ ಗುಳಿಗೆ ಇಟ್ಟರೂ ಎರಡು ಗಂಟೆ ನಿದ್ದೆ ಇಲ್ಲ. ಚಾದರ ಬದಲಾಯಿಸಲು ಮಗ್ಗುಲು ಮಾಡಿದರೆ ಕೂಗಿಕೊಳ್ಳುತ್ತಿದ್ದರು. ಯಾರೆದುರೂ ತಲೆ ತಗ್ಗಿಸದ ಹೆಂಗಸು, ಆ ಕೂಗು ಕೇಳಿದರೆ ನಮ್ಮವರು ಎದ್ದು ಕೆಳಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ನಾನು ಘನ್ಸೋಲಿಗೆ ಓಡಿದೆ, ಕೋಪರ್‌ಖೈರಾಣೆಗೆ ಓಡಿದೆ. ಬದುಕಲಿ ಅಂತಲೇ ಕೇಳಿದೆ. ನೋವು ಕಡಿಮೆಯಾಗಲಿ ಅಂತ ಕೇಳುವ ಅಂದರೆ ಬೇಡಿಕೆ ಒಂದೇ.

ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದೆ ಅವರಿಗೆ. ಕೂದಲು ಅಂತ ಇದ್ದದ್ದು ನನ್ನ ಹೆಬ್ಬೆರಳಿನಷ್ಟು.

"ಸ್ವರ್ಣಾ, ನೀನು ಕೇಳುವುದು ನಿಲ್ಲಿಸು" ಅಂದರು.

"ಎಂತ ಕೇಳುವುದು? ನಾನು ಎಂತ ಕೇಳುತ್ತೇನೆ ಅಂತ ನಿಮಗೆ ಎಂತ ಗೊತ್ತು?"

"ನೀನು ಬಿಡದೆ ನಾನು ಹೋಗುವ ಹಾಗಿಲ್ಲ. ನನಗೆ ಸಾಕಾಯಿತು ಮಗಾ. ಮುಂದಿನ ಇಗರ್ಜಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಲಿ ಅಂತ ಕೇಳು."

ನನಗೆ ಸಿಟ್ಟು ನೆತ್ತಿಗೇರಿತು. ಬಾಚಣಿಗೆ ಎಸೆದೆ. "ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಬೇಕಾದರೆ ನಿಮ್ಮ ಪಾದ್ರಿಯ ಕೈಯಲ್ಲಿ ಕೇಳಿಸಿ. ನಾನು ಇನ್ನು ಯಾವ ಇಗರ್ಜಿಗೂ ಹೋಗುವುದೇ ಇಲ್ಲ" ಅಂದೆ. ಹಾಗೇ ಮಾಡಿದೆ. ಮರುದಿನ ಐರೋಲಿಗೆ ಹೋಗುವುದಿತ್ತು. ಹೋಗಲಿಲ್ಲ. ಐರೋಲಿ ಒಂದು ಹಾಗೆಯೇ ಉಳಿಯಿತು.

ಸತ್ಯಮ್ಮ ಕಲಬುರಗಿ ಕಡೆಯವಳು, ಕಡಿಮೆ ಮಾತಿನವಳು. ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು, "ಯಕ್ಕಾ, ನೀವು ಹಿಡಕೊಂಡು ಕುಂತೀರಿ. ಆ ಜೀವ ಎಲ್ಲಿಗಿ ಹೋಗಬೇಕ್ರಿ? ಬಿಟ್ಟುಬಿಡ್ರಿ" ಅಂದಳು. ನಿನ್ನ ಕೆಲಸ ನೋಡು ಅಂದೆ. ಆದರೆ ಅವಳ ಮಾತು ಕಿವಿಯಿಂದ ಇಳಿಯಲಿಲ್ಲ. ಪ್ರತಿಸಲ ಬಾಯಮ್ಮ ಕೂಗಿದಾಗಲೂ, ಇದು ನನ್ನಿಂದ, ಇದು ನನ್ನಿಂದ ಅಂತ ಅನಿಸುತ್ತಿತ್ತು.

ಡಿಸೆಂಬರ್ ಬರುವಾಗ ಬಾಯಮ್ಮನಿಗೆ ಯಾರೋ ಫೋನಿನಲ್ಲಿ ಹೇಳಿದರು, ತಳೋಜಾ ಕಡೆ ಹೊಸ ಕಟ್ಟಡಗಳ ನಡುವೆ ಒಂದು ಇಗರ್ಜಿ ಆಗಿದೆ, ಮೊನ್ನೆ ಮೊನ್ನೆ ಬಿಷಪ್ಪರು ಬಂದು ಆಶೀರ್ವಾದ ಮಾಡಿ ಹೋದರು ಅಂತ. ನನ್ನನ್ನು ಕರೆದರು.

"ಸ್ವರ್ಣಾ, ಅದು ನನಗೂ ಹೊಸತು. ನನ್ನನ್ನು ಕರೆದುಕೊಂಡು ಹೋಗು."

ನನಗೆ ಅರ್ಥವಾಯಿತು. ನಾನು ಕೇಳದ್ದನ್ನು ತಾನೇ ಕೇಳಿಕೊಳ್ಳಲು ಹೊರಟಿದ್ದಾರೆ ಅಂತ. ಎರಡು ದಿನ ಆಗುವುದಿಲ್ಲ ಅಂದೆ ನಾನು. ಮೂರನೇ ದಿನ ನಮ್ಮವರೇ, "ಕೇಳುತ್ತಿದ್ದಾರಲ್ಲ ಮಾರಾಯ್ತಿ, ಕಾರಿನಲ್ಲಿ ಮಲಗಿಸಿಕೊಂಡು ಹೋಗುವ" ಅಂದರು.

ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವರ ತಲೆ. ಶೀಳ್‌ಫಾಟಾದ ಹೊಂಡಗಳಲ್ಲಿ ಕಾರು ಎದ್ದು ಬಿದ್ದಾಗಲೆಲ್ಲ ಹಲ್ಲು ಕಚ್ಚಿಕೊಂಡರು, ಕೂಗಲಿಲ್ಲ. ತಳೋಜಾದಲ್ಲಿ ನಮ್ಮವರೂ ಅಲ್ಲಿಯ ವಾಚ್‌ಮನ್ನೂ ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಒಳಗೆ ಎತ್ತಿಕೊಂಡು ಹೋದರು. ನಮ್ಮವರು ಹೊರಗೆ ಹೋದರು, ನಾವಿಬ್ಬರೇ ಉಳಿದೆವು.

ಪೈಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಬದಿಯ ಬೆಂಚುಗಳಿಗೆ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಮುಂದೆ ಮೂರು ನಾಲ್ಕು ಹುಡುಗಿಯರು ಒಂದು ಹಾರ್ಮೋನಿಯಂ ಇಟ್ಟುಕೊಂಡು ಕ್ರಿಸ್ಮಸ್ ಹಾಡು ಕಲಿಯುತ್ತಿದ್ದರು, ತಪ್ಪಿದಲ್ಲಿ ನಗುತ್ತಾ ಮತ್ತೆ ಶುರು ಮಾಡುತ್ತಿದ್ದರು. ಬಾಯಮ್ಮ ಕಣ್ಣು ಮುಚ್ಚಿ ಕೈ ಜೋಡಿಸಿದರು. ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡು ಎಷ್ಟೋ ತಿಂಗಳ ಮೇಲೆ ನನಗೆ ಹಳೇ ಬಾಯಮ್ಮ ಕಂಡರು. ತುಟಿ ಅಲ್ಲಾಡುತ್ತಿತ್ತು.

ನಾನು ಮೊಣಕಾಲೂರಿದೆ. ಯಾವಾಗಿನದ್ದೇ ಬಾಯಿಗೆ ಬಂತು, ಬದುಕಲಿ ಅಂತ. ತಡೆದೆ. ಒಂದೇ ದೇವರ ಮುಂದೆ ಅಕ್ಕಪಕ್ಕ ಕೂತು ಅವರು ಹೋಗುತ್ತೇನೆ ಅನ್ನುವುದು, ನಾನು ಬೇಡ ಅನ್ನುವುದು. ಅವರಿಗೆ ಉಳಿದಿರುವುದು ಇದೊಂದು, ಅದನ್ನೂ ನನ್ನ ಹಟದಿಂದ ಹಾಳು ಮಾಡುವುದಾ. ಅವರಿಗೆ ನೋಯುತ್ತದೆ, ನನಗೆ ಅವರು ಬೇಕು. ಇಷ್ಟು ದಿನ ಕೇಳಿದ್ದೆಲ್ಲ ಅವರಿಗೋಸ್ಕರ ಅಲ್ಲ, ನನಗೋಸ್ಕರವೇ ಅಂತ ಅನಿಸಿ ಅಳು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಕಡೆಗೆ ಕೇಳಿದೆ. ಇನ್ನು ಸತಾಯಿಸಬೇಡ, ನೋವಿಲ್ಲದ ಹಾಗೆ ಕರೆದುಕೊಂಡು ಹೋಗು ಅಂತ ಕೇಳಿದೆ.

ವಾಪಸ್ ಬರುವಾಗ ಬಾಯಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಕಲ್ಯಾಣ ರಸ್ತೆಯಲ್ಲಿ ಲಾರಿಗಳ ಸಾಲು, ಕಾರು ನಿಂತಿತ್ತು.

"ಹೇಳಬಾರದು, ಆದರೂ ನಿನಗೆ ಹೇಳುತ್ತೇನೆ" ಅಂದರು.

"ಬೇಡ ಬಾಯಮ್ಮ, ಹೇಳಬೇಡಿ."

"ಹೋಗಬೇಕು ಅಂತ ಕೇಳಲಿಕ್ಕೆಂದೇ ಹೋದದ್ದು ನಾನು. ಒಳಗೆ ಹೋದ ಮೇಲೆ ಎಂತ ಆಯಿತೋ. ಆ ಹೊಸ ಪೈಂಟಿನ ವಾಸನೆ, ಆ ಹುಡುಗಿಯರು ತಪ್ಪು ತಪ್ಪು ಹಾಡುವುದು. ಆಸೆ ಆಯಿತು ಮಾರಾಯ್ತಿ. ಇನ್ನೂ ಸ್ವಲ್ಪ ದಿನ ಇರಲಿ ನಾನು, ಈ ಸಲದ ಕುಸ್ವಾರ್ ನನ್ನ ಕೈಯಾರೆ ಮಾಡುವ ಹಾಗಾಗಲಿ ಅಂತ ಕೇಳಿದೆ. ನೋವಿದ್ದರೂ ಇರಲಿ, ಇರಬೇಕು ಅಂದೆ."

ಕುಸ್ವಾರ್ ಅಂದರೆ ಅವರ ಕ್ರಿಸ್ಮಸ್ ತಿಂಡಿಗಳು, ನೆವ್ರಿ, ಕಿಡಿಯೋ, ಅಕ್ಕಿಯ ಲಡ್ಡು. ಅವರು ಮಾಡುವುದರಲ್ಲಿ ತಿನ್ನುವ ಹಾಗಿದ್ದದ್ದು ಅದೊಂದೇ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

"ನೀನು ಎಂತ ಕೇಳಿದೆ?"

"ಅದೇ" ಅಂದೆ. "ಯಾವಾಗಲೂ ಕೇಳುವುದೇ."

"ಹಾಗಾದರೆ ಇಬ್ಬರದ್ದೂ ಒಂದೇ ಆಯಿತು. ಇಬ್ಬರು ಒಟ್ಟಿಗೆ ಕೇಳಿದ ಮೇಲೆ ಕೊಡದೆ ಎಲ್ಲಿಗೆ ಹೋಗುತ್ತಾನೆ ಅವನು" ಅಂದು ನಕ್ಕು ಕಣ್ಣು ಮುಚ್ಚಿದರು. ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದರೆ ಕೆಡುತ್ತದಲ್ಲ, ನಾನು ಕೇಳಿದ್ದು ಕೆಡಲಿ ಅಂತಲೇ ರಾತ್ರಿ ನಮ್ಮವರಿಗೆ ಎಲ್ಲ ಹೇಳಿದೆ. "ನಿನಗೆಂತ ಹುಚ್ಚಾ ಸ್ವರ್ಣಾ" ಅಂದರು ಮೆತ್ತಗೆ. "ಇದೆಲ್ಲ ಹೆಂಗಸರು ಮಾತಾಡಿಕೊಳ್ಳುವುದು. ಕಾಯಿಲೆ ಅದರ ಪಾಡಿಗೆ ಅದು ಉಂಟು." ಇದ್ದರೂ ಇರಬಹುದು. ಆದರೆ ನೀರುದೋಸೆ ತಿಂದದ್ದು? ಗಡ್ಡೆ ನಿಂತದ್ದು? ಮಳೆಗಾಲ ದಾಟಿದ್ದು? ಆಗ ನಂಬಿದವಳು ಈಗ ಹೇಗೆ ನಂಬದೆ ಇರಲಿ?

ಮರುದಿನ ಬಾಯಮ್ಮ ಎದ್ದು ಕೂತರು. ಮೈದಾ ಎಷ್ಟು, ತೆಂಗಿನಕಾಯಿ ಎಷ್ಟು, ಎಣ್ಣೆ ಯಾವುದು ಅಂತ ಸತ್ಯಮ್ಮನಿಗೆ ಹೇಳುತ್ತಿದ್ದರು. ನೆವ್ರಿಯ ಅಂಚು ಮಡಚುವುದನ್ನು ನನ್ನ ಸೆರಗಿನ ಮೇಲೆ ಮಡಚಿ ತೋರಿಸಿದರು. ಅವರ ಖುಷಿ ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಏನೂ ಆಗಲಿಲ್ಲವಲ್ಲ, ಅವರದ್ದೇ ಕೇಳಿಸಿರಬೇಕು ದೇವರಿಗೆ ಅಂತ ಸಮಾಧಾನ ಮಾಡಿಕೊಂಡೆ.

ಅದರ ಮರುದಿನ ಜ್ವರ ಬಂತು. ಬೆಳಗಾಗುವಾಗ ಉಸಿರಾಟ ಬದಲಾಯಿತು, ಒಂದು ಉಸಿರು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಮನೆಗೆ ಬಂದ ಡಾಕ್ಟರು, ಇನ್ನು ಎಲ್ಲಿಗೂ ಎಳೆದುಕೊಂಡು ಹೋಗಬೇಡಿ, ಜೊತೆಗಿರಿ ಅಂದರು. ನೋವು ಇರಲಿಲ್ಲ. ಮುಖ ನೆಮ್ಮದಿಯಾಗಿತ್ತು. ನಾನು ಕೇಳಿದ ಹಾಗೆಯೇ, ಒಂದು ಚೂರು ಹೆಚ್ಚು ಕಡಿಮೆ ಇಲ್ಲದೆ ಆಗುತ್ತಿತ್ತು.

ಐರೋಲಿ ನೆನಪಾಯಿತು.

ಪರ್ಸ್ ತೆಗೆದುಕೊಂಡು ಹೊರಟೆ. "ಈಗ ಎಲ್ಲಿಗೆ?" ಅಂದರು ನಮ್ಮವರು. "ಬಂದೆ" ಅಂದೆ ಅಷ್ಟೇ. ಮಧ್ಯಾಹ್ನದ ಲೋಕಲ್, ಕೂರಲು ಜಾಗ ಇತ್ತು, ಕೂರಲು ಆಗಲಿಲ್ಲ. ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ವಾಶಿ ಗಾಡಿ ಹಿಡಿದೆ. ದಿಘಾ ದಾಟಿ ಐರೋಲಿ ಬರುವವರೆಗೂ ಒಂದೇ ಜಪ, ತಳೋಜಾದಲ್ಲಿ ಕೇಳಿದ್ದು ವಾಪಸ್ ತೆಗೆದುಕೋ, ಅವರು ಇರಲಿ. ರಿಕ್ಷಾದವನಿಗೆ ಬೇಗ ಬೇಗ ಅಂತ ಹೇಳಿ ಅವನ ಹತ್ತಿರ ಬೈಸಿಕೊಂಡೆ.

ಇಗರ್ಜಿಯ ಬಾಗಿಲಿಗೆ ಬೀಗ. ಗೇಟಿನ ಹತ್ತಿರ ಕೂತಿದ್ದ ವಾಚ್‌ಮನ್, "ಚಾರ್ ಬಜೆ ಖುಲೇಗಾ ಆಂಟಿ" ಅಂದ. ಮಧ್ಯಾಹ್ನ ಮುಚ್ಚಿ ನಾಲ್ಕಕ್ಕೆ ತೆರೆಯುತ್ತಾರೆ ಅಂತ ನನಗೆ ಗೊತ್ತಿಲ್ಲದ್ದಲ್ಲ, ಇಷ್ಟು ತಿರುಗಿದವಳಿಗೆ. ಅವಸರದಲ್ಲಿ ತಲೆಯೇ ಓಡಿರಲಿಲ್ಲ. ಬೇಡಿಕೊಂಡೆ ಅವನ ಹತ್ತಿರ, ಒಂದೇ ನಿಮಿಷ ಅಂದೆ, ಮನೆಯಲ್ಲಿ ಜೀವ ಹೋಗುತ್ತಾ ಉಂಟು ಅಂದೆ. ನನ್ನ ಹಿಂದಿ ಅವನಿಗೆ ಎಷ್ಟು ತಿಳಿಯಿತೋ. ಕೀಲಿ ಫಾದರ್ ಹತ್ತಿರ ಇದೆ, ಕೇಳಿ ಬರುತ್ತೇನೆ ಅಂತ ಹಿಂದಿನ ಕಟ್ಟಡಕ್ಕೆ ಹೋದ.

ನಾನು ಮೆಟ್ಟಿಲಿನ ಮೇಲೆಯೇ ಮೊಣಕಾಲೂರಿದೆ. ಒಳಗೆ ಹೋಗಿ ಕೇಳಬೇಕು ಅಂದಿದ್ದರು, ಬಾಗಿಲು ಮುಚ್ಚಿದ್ದರೆ ಹೊರಗಿನಿಂದ ಸಲ್ಲುತ್ತದಾ ಇಲ್ಲವಾ ಅಂತ ಬಾಯಮ್ಮನನ್ನು ನಾನು ಯಾವತ್ತೂ ಕೇಳಿರಲಿಲ್ಲ. ಈಗ ಫೋನ್ ಮಾಡಿ ಕೇಳುವ ಹಾಗೂ ಇರಲಿಲ್ಲ. ಬಾಗಿಲಿಗೆ ಹಣೆ ಒತ್ತಿ ಕೇಳಿದೆ, ಗಟ್ಟಿಯಾಗಿಯೇ ಕೇಳಿದೆ. ಆಗ ಪರ್ಸಿನೊಳಗೆ ಫೋನ್ ಹೊಡೆದುಕೊಂಡಿತು.

"ಹೋದರು" ಅಂದರು ನಮ್ಮವರು. ಆಮೇಲೆ ಅವರೇ ಹೇಳಿದರು, "ಕಡೆಗೆ ಒಮ್ಮೆ ಕಣ್ಣು ಬಿಟ್ಟರು. ಸ್ವರ್ಣಾ ಎಲ್ಲಿ ಅಂತ ಕೇಳಿದರು. ಇಗರ್ಜಿಗೆ ಹೋಗಿರಬೇಕು ಅಂದೆ. ಹಾಗಾದರೆ ಹೆದರಿಕೆ ಇಲ್ಲ ಅಂದರು."

ವಾಚ್‌ಮನ್ ಕೀಲಿ ತಂದು ಬಾಗಿಲು ತೆರೆದ. "ಜಾವ್ ಆಂಟಿ, ಜಲ್ದಿ ಕರೋ" ಅಂದ. ಹೋದೆ. ಒಳಗೆ ಫ್ಯಾನ್ ಇಲ್ಲ, ಸೆಕೆ. ಬೆಂಚು ಹಿಡಿದು ಮೊಣಕಾಲೂರಿದೆ. ಮೊದಲ ಸಲ ಕಾಲಿಟ್ಟ ಇಗರ್ಜಿ, ಒಂದು ಬೇಡಿಕೆ ನನ್ನ ಕೈಯಲ್ಲಿತ್ತು, ಬೇಡಲು ಏನೂ ಇರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. ಇಷ್ಟೂ ಇಗರ್ಜಿಗಳಲ್ಲಿ ಬದುಕಿಸು ಬದುಕಿಸು ಅಂತ ಗಂಟಲು ಹರಿದುಕೊಂಡೆ, ಅದನ್ನು ಬಿಟ್ಟು ಒಂದು ಸಲ, ಒಂದೇ ಸಲ ತಪ್ಪಿ ಹೇಳಿದ್ದನ್ನು ಹಿಡಿದುಕೊಂಡೆಯಲ್ಲ ನೀನು ಅಂದೆ. ಪಕ್ಕದಲ್ಲೇ ಕೂತು ಅವರು ಇರುತ್ತೇನೆ ಅಂತ ಕೇಳಿದರಲ್ಲ, ಅವರು ನಿನ್ನವರು, ಹುಟ್ಟಿದಂದಿನಿಂದ ನಿನ್ನವರು. ಅವರದ್ದು ಬಿಟ್ಟು ನನ್ನದು ಯಾಕೆ ಕೇಳಿಸಿತು ನಿನಗೆ?